ಹಂದಿಮರಿಯ ಮೂತಿಗೂ ಕೆಲಸ ಬೇಕು

ಹಂದಿಯ ಮೂತಿಯ ತುದಿಯಲ್ಲಿ ಚಪ್ಪಟೆಯಾದ, ಸದಾ ತೇವವಾಗಿರುವ ಬಿಲ್ಲೆಯೊಂದಿದೆ. ಅದರೊಳಗೆ ಆಸರೆಗೆಂದೇ ಒಂದು ಪುಟ್ಟ ಮೂಳೆ. ಚರ್ಮದ ತುಂಬ ನರತುದಿಗಳು. ಗುದ್ದಲಿಯ ಬಲ, ಬೆರಳತುದಿಯ ಸೂಕ್ಷ್ಮತೆ ಎರಡೂ ಸೇರಿದ ಅಂಗವಿದು. ಮಣ್ಣು ಕೆದಕುವುದು, ಮೂಸುವುದು, ಸಿಕ್ಕಿದ್ದನ್ನು ಅಗಿದು ನೋಡುವುದು ಅದರ ದಿನದ ಕಾಯಕ.

ಎಷ್ಟು ಹೊತ್ತಿನ ಕಾಯಕ ಎಂಬುದನ್ನು ವಿಜ್ಞಾನಿಗಳಾದ ಅಲೆಕ್ಸ್ ಸ್ಟೋಲ್ಬಾ ಮತ್ತು ಡೇವಿಡ್ ವುಡ್-ಗಷ್ ಸ್ಕಾಟ್ಲೆಂಡಿನ ಎಡಿನ್‌ಬರೊ ಬಳಿ ಲೆಕ್ಕ ಹಾಕಿದರು. ಸಾಕಣೆಯ ಹಂದಿಗಳನ್ನೇ ಮರ, ಪೊದೆ, ತೊರೆ, ಕೆಸರು ಇರುವ ಬಯಲಿಗೆ ಬಿಟ್ಟು ನೋಡಿದಾಗ, ಹಗಲಿನ ಅರ್ಧಕ್ಕೂ ಹೆಚ್ಚು ಹೊತ್ತು ಅವು ಮೇಯುತ್ತಲೋ ನೆಲ ಕೆದಕುತ್ತಲೋ ಇದ್ದವು. ಅವುಗಳಿಗೆ ಆಹಾರ ಹಾಕಲಾಗುತ್ತಿತ್ತು ಎಂಬುದನ್ನು ಗಮನಿಸಬೇಕು. ಹೊಟ್ಟೆ ತುಂಬಿದ ಮಾತ್ರಕ್ಕೆ ಹುಡುಕುವ ತುಡಿತ ತಣಿಯುವುದಿಲ್ಲ.

ಇನ್ನು ಯುರೋಪಿನ ಒತ್ತೊತ್ತು ಸಾಕಣೆಯ ಕೊಟ್ಟಿಗೆಗೆ ಬನ್ನಿ. ಬಯಲಿನಲ್ಲಿ ಮೂರು-ನಾಲ್ಕು ತಿಂಗಳು ಹಾಲು ಕುಡಿಯಬಹುದಾದ ಮರಿಯನ್ನು ಇಲ್ಲಿ ಮೂರು-ನಾಲ್ಕು ವಾರಕ್ಕೇ ತಾಯಿಯಿಂದ ಬಿಡಿಸುತ್ತಾರೆ. ಬೇರೆ ಬೇರೆ ಸೂಲಿನ ಮರಿಗಳನ್ನು ಒಂದೇ ಅಂಕಣಕ್ಕೆ ಸೇರಿಸುತ್ತಾರೆ. ಕಾಲಡಿಯಲ್ಲಿ ಸಗಣಿ-ಗಂಜಲ ಇಳಿದುಹೋಗುವ ಸೀಳುನೆಲ. ಮೂತಿಗೆ ಸಿಗುವುದು ಕಬ್ಬಿಣ, ಕಾಂಕ್ರೀಟು, ಪಕ್ಕದ ಮರಿಯ ಮೈ. ಮೃದುವಾಗಿ ಅಲ್ಲಾಡುವ, ಅಗಿಯಲು ಬರುವ ವಸ್ತು ಅಲ್ಲಿ ಒಂದೇ: ಇನ್ನೊಂದು ಮರಿಯ ಬಾಲ. ಮೊದಮೊದಲು ಬರೀ ಬಾಯಾಡಿಸುವುದು. ಚರ್ಮ ಹರಿದು ರಕ್ತ ಬಂದರೆ ಉಳಿದವೂ ಮುಗಿಬೀಳುತ್ತವೆ. ಗಾಯದ ನಂಜು ಬೆನ್ನುಹುರಿಯವರೆಗೂ ಏರಬಹುದು. ಕೆಟ್ಟ ಗಾಳಿ, ಕಾಯಿಲೆ, ಮೇವಿನ ತೊಟ್ಟಿಯ ನೂಕುನುಗ್ಗಲೂ ಬಾಲ ಕಚ್ಚುವುದಕ್ಕೆ ಕಾರಣಗಳೇ; ಆದರೆ ಕೆದಕಲು ಏನೂ ಇಲ್ಲದಿರುವುದು ದೊಡ್ಡ ಕಾರಣ. ಇದಕ್ಕೆ ಉದ್ಯಮ ಕಂಡುಕೊಂಡ ಪರಿಹಾರವೆಂದರೆ, ಹುಟ್ಟಿದ ವಾರದೊಳಗೆ ಅರಿವಳಿಕೆಯೂ ಇಲ್ಲದೆ ಬಾಲವನ್ನೇ ಕತ್ತರಿಸುವುದು. ರೋಗವನ್ನು ಬಿಟ್ಟು ಲಕ್ಷಣವನ್ನು ಕೊಯ್ಯುವ ಕ್ರಮವಿದು.

ಅದೇ ಅಂಕಣಕ್ಕೆ ಒಂದು ಹಿಡಿ ಗೋಧಿಹುಲ್ಲು ಹಾಕಿದರೆ ಏನಾಗುತ್ತದೆ ನೋಡಿ. ಮರಿ ಮೂತಿಯಿಂದ ರಾಶಿಯನ್ನು ತಳ್ಳುತ್ತದೆ, ಒಂದು ಕಡ್ಡಿಯನ್ನು ಎಳೆದು ಅಗಿಯುತ್ತದೆ, ಬಾಯಲ್ಲಿ ಕಚ್ಚಿಕೊಂಡು ತಲೆ ಕೊಡವುತ್ತದೆ, ಗಿರಕ್ಕನೆ ತಿರುಗಿ ಓಡುತ್ತದೆ, ಇನ್ನೆರಡು ಬೆನ್ನಟ್ಟುತ್ತವೆ. ಇದು ಆಟ. ಬ್ರಿಟನ್ನಿನ ನ್ಯೂಕ್ಯಾಸಲ್ ವಿಜ್ಞಾನಿಗಳು ಎಳೆಯ ಹೆಣ್ಣುಹಂದಿಗಳಿಗೆ ಎರಡು ಸದ್ದು ಕಲಿಸಿದರು: ಒಂದಕ್ಕೆ ಸೇಬಿನ ಚೂರು, ಇನ್ನೊಂದಕ್ಕೆ ಬೆದರಿಸುವ ಪ್ಲಾಸ್ಟಿಕ್ ಚೀಲ. ಆಮೇಲೆ ಎರಡೂ ಅಲ್ಲದ ಸದ್ದು ಕೇಳಿಸಿದಾಗ, ವಿಶಾಲವಾದ, ಹುಲ್ಲುಹಾಸಿದ ಜಾಗದಲ್ಲಿದ್ದ ಹಂದಿಗಳು ಒಳ್ಳೆಯದನ್ನೇ ನಿರೀಕ್ಷಿಸಿ ಹೆಚ್ಚಾಗಿ ಮುಂದೆ ಬಂದವು. ಬರಡು ಅಂಕಣದವು ಹಿಂಜರಿದವು. ಇರುವ ಜಾಗ ಬದಲಾದರೆ ಮನಸ್ಥಿತಿಯೇ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನನಗೆ ಕಂಡಿಲ್ಲ.

ಯಾವ ವಸ್ತುವಾದರೂ ನಡೆಯುತ್ತದೆಯೇ? 2003ರಲ್ಲಿ ಪ್ರಕಟವಾದ ಬ್ರಿಟಿಷ್ ಅಧ್ಯಯನವೊಂದು 74 ವಸ್ತುಗಳನ್ನು ಐದೈದು ದಿನ ಪರೀಕ್ಷಿಸಿತು. ಹೊಸದೆಂಬ ಕುತೂಹಲ ಇಳಿದ ಮೇಲೂ ಹಂದಿಗಳನ್ನು ಹಿಡಿದಿಟ್ಟವು ತಿನ್ನಲು ಬರುವ, ಕಚ್ಚಿ ಹಾಳುಮಾಡಲು ಆಗುವ ವಸ್ತುಗಳು. ಬಹಳಷ್ಟು ಕಡೆ ತೂಗುಹಾಕುವ ಕಬ್ಬಿಣದ ಸರಪಳಿಯಲ್ಲಿ ಈ ಎರಡು ಗುಣವೂ ಇಲ್ಲ. ಹುಲ್ಲು ಸಗಣಿಗುಂಡಿಯ ಕೊಳವೆಗೆ ಕಟ್ಟಿಕೊಳ್ಳುತ್ತದೆ ಎಂಬ ರೈತರ ತಕರಾರು ನಿಜವಾದದ್ದೇ. ಸಣ್ಣಗೆ ಕತ್ತರಿಸಿದ ಹುಲ್ಲನ್ನು ಗೋಡೆಯ ಜಾಲರಿಯಲ್ಲಿ ಸ್ವಲ್ಪ ಸ್ವಲ್ಪವೇ ಕೊಡಬಹುದು. ಸೆಣಬಿನ ಚೀಲ, ಹಗ್ಗ, ಹಸಿ ಮರದ ತುಂಡೂ ಆಗಬಹುದು. ಆಗಾಗ ಹೊಸದಾಗಿ ಹಾಕುತ್ತಿರಬೇಕು. ಸಗಣಿ ಮೆತ್ತಿದ್ದನ್ನು ಹಂದಿ ಮೂಸುವುದೂ ಇಲ್ಲ.

ಕೆದಕುವ ವಸ್ತು ಸದಾ ಸಾಕಷ್ಟು ಇರಬೇಕು, ವಾಡಿಕೆಯಂತೆ ಬಾಲ ಕತ್ತರಿಸಬಾರದು ಎಂದು ಐರೋಪ್ಯ ಒಕ್ಕೂಟದ 2008ರ ನಿರ್ದೇಶನ ಹೇಳುತ್ತದೆ. ಆದರೂ ಅಲ್ಲಿನ ಹೆಚ್ಚಿನ ಹಂದಿಗಳ ಬಾಲ ಇಂದಿಗೂ ಮೊಂಡು. ಸ್ವೀಡನ್ ಮತ್ತು ಫಿನ್ಲೆಂಡ್ ಬಾಲ ಕತ್ತರಿಸುವುದನ್ನು ಪೂರ್ತಿ ನಿಷೇಧಿಸಿವೆ. ಅಲ್ಲಿಯ ರೈತರು ಇಡೀ ಬಾಲದ ಹಂದಿಗಳನ್ನೇ ಸಾಕಿ ಮಾರುತ್ತಿದ್ದಾರೆ. ಹಾಗಿರುವಾಗ, ಇದು ಆಗದ ಮಾತು ಎನ್ನುವ ವಾದವನ್ನು ಒಪ್ಪಲಾಗದು.