ಬೈಕಿಗೆ ಆಸರೆ ಗಟ್ಟಿಯಿದ್ದರೆ ಕೈಕಾಲು ಕ್ಷೇಮ

ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ಭಾಗದಲ್ಲಿ ಅನೇಕರಿಗೆ ಪೇಟೆಗೂ ಹೊಲಕ್ಕೂ ಬೈಕೊಂದೇ ವಾಹನ. ಮಳೆಗಾಲದಲ್ಲಿ ಎರೆಹೊಲದ ದಾರಿಯಲ್ಲಿ ಬಂದ ಬೈಕಿನ ಚಕ್ರ ಮತ್ತು ಮಡ್‌ಗಾರ್ಡ್ ನಡುವೆ ಅಂಟುಮಣ್ಣು ತುಂಬಿ ಚಕ್ರವೇ ತಿರುಗದಂತಾಗುತ್ತದೆ. ಬೇಸಿಗೆಯಲ್ಲಿ ಚೈನಿಗೆ ದೂಳು ಮೆತ್ತುತ್ತದೆ. ಮಣ್ಣು ಕೀಳುವುದು, ಚೈನಿಗೆ ಎಣ್ಣೆ ಬಿಡುವುದು, ಮಹಾನವಮಿಯ ಖಂಡೆ ಪೂಜೆಗೆ ಮುನ್ನ ತೊಳೆಯುವುದು ಮುಂತಾದ ಕೆಲಸಗಳನ್ನು ಹಲವರು ಮನೆಯಂಗಳದಲ್ಲೇ ಮುಗಿಸಿಕೊಳ್ಳುತ್ತಾರೆ. ಕೆಲಸ ಸಣ್ಣದು; ಆದರೆ ನಡುವೆ ಬೈಕು ವಾಲಿದರೆ ಆಗುವ ಪೆಟ್ಟು ಸಣ್ಣದಲ್ಲ.

ಹೀರೊ ಸ್ಪ್ಲೆಂಡರ್ ಪ್ಲಸ್ ತೂಕ ಸುಮಾರು 112 ಕಿಲೊ. ಬಜಾಜ್ ಪಲ್ಸರ್ 150 ಸುಮಾರು 148 ಕಿಲೊ, ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಸುಮಾರು 195 ಕಿಲೊ ತೂಗುತ್ತವೆ. ಹಗುರವೆನಿಸುವ ಬೈಕು ಕೂಡ ಒಂದು ಕ್ವಿಂಟಲ್‌ಗಿಂತ ಭಾರ. ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತವರಿಗೆ ಅದು ಬೀಳುವಾಗ ಸರಿದುಕೊಳ್ಳಲು ಸಮಯ ಸಿಗುವುದಿಲ್ಲ.

ಸ್ಟ್ಯಾಂಡ್ ಇರುವುದು ನಿಲುಗಡೆಗೆ

ಬೈಕಿನ ಸ್ಟ್ಯಾಂಡನ್ನು ವಾಹನ ನಿಲ್ಲಿಸಲೆಂದು ರೂಪಿಸಲಾಗಿದೆಯೇ ಹೊರತು ಪಾನಾ ಹಿಡಿದು ಜಗ್ಗುವ ಕೆಲಸಕ್ಕಲ್ಲ. ಸೈಡ್ ಸ್ಟ್ಯಾಂಡ್ ಮೇಲೆ ನಿಂತ ಬೈಕು ಸ್ವಲ್ಪ ಮುಂದಕ್ಕೆ ಉರುಳಿದರೂ ಸ್ಟ್ಯಾಂಡ್ ಹಿಂದಕ್ಕೆ ಮಡಚಿಕೊಳ್ಳಬಹುದು. ಆದ್ದರಿಂದ ಅದರ ಮೇಲೆ ನಿಲ್ಲಿಸಿ ಒರೆಸುವುದಕ್ಕಿಂತ ಹೆಚ್ಚಿನ ಕೆಲಸಕ್ಕೆ ಕೈಹಾಕಬಾರದು. ಆಗಲೂ ಮೊದಲ ಗೇರ್ ಹಾಕಿ, ಹ್ಯಾಂಡಲ್ಲನ್ನು ಎಡಕ್ಕೆ ತಿರುಗಿಸಿರಬೇಕು.

ಡಬಲ್ ಸ್ಟ್ಯಾಂಡ್ ಹಾಕಿದಾಗ ಅದರ ಎರಡು ಕಾಲು ಮತ್ತು ಒಂದು ಚಕ್ರ ಸೇರಿ ನೆಲದ ಮೇಲೆ ತ್ರಿಕೋನವೊಂದು ಏರ್ಪಡುತ್ತದೆ. ಬೈಕಿನ ಭಾರದ ಕೇಂದ್ರ ಈ ತ್ರಿಕೋನದ ಒಳಗಿರುವವರೆಗೆ ಬೈಕು ಸ್ಥಿರ. ಹೊರಗೆ ಜಾರಿದರೆ ಪತನ. ಸೀಟಿನ ಮೇಲೆ ಮೆಣಸಿನಕಾಯಿ ಚೀಲವನ್ನೋ ಗೊಬ್ಬರದ ಚೀಲವನ್ನೋ ಹಾಗೆಯೇ ಬಿಟ್ಟರೆ ಭಾರದ ಕೇಂದ್ರ ಮೇಲಕ್ಕೇರಿ ಅಪಾಯ ಹೆಚ್ಚುತ್ತದೆ. ಕೆಲಸಕ್ಕೆ ಮೊದಲು ಹೇರು ಇಳಿಸಬೇಕು.

ಯಮಹಾ ಆರ್15, ಕೆಟಿಎಂ ಡ್ಯೂಕ್‌ನಂತಹ ಬೈಕುಗಳಿಗೆ ಡಬಲ್ ಸ್ಟ್ಯಾಂಡ್ ಇರುವುದಿಲ್ಲ. ಇವುಗಳ ಹಿಂಚಕ್ರ ಎತ್ತಲು ಪ್ಯಾಡಾಕ್ ಸ್ಟ್ಯಾಂಡ್ ಬಳಸಬೇಕು. ಕಾರಿನ ಜಾಕನ್ನು ಒಂದೇ ಕಡೆ ಕೊಟ್ಟು ಎತ್ತುವುದು ಅಪಾಯಕರ.

ಯಾವ ಚಕ್ರಕ್ಕೆ ಯಾವ ಆಸರೆ?

ಹೆಚ್ಚಿನ ಬೈಕುಗಳಲ್ಲಿ ಡಬಲ್ ಸ್ಟ್ಯಾಂಡ್ ಹಾಕಿದಾಗ ಮುಂಚಕ್ರ ನೆಲಕ್ಕೆ ತಾಗಿ, ಹಿಂಚಕ್ರ ಮೇಲೇಳುತ್ತದೆ. ಹಿಂಚಕ್ರ ಬಿಚ್ಚಿದರೆ ಭಾರ ಇನ್ನಷ್ಟು ಮುಂದಕ್ಕೆ ಬೀಳುವುದರಿಂದ ಬೈಕು ಹಿಂದಕ್ಕೆ ವಾಲುವ ಭಯವಿಲ್ಲ. ಆದರೆ ಬಿಗಿಯಾದ ನಟ್ಟನ್ನು ಜೋರಾಗಿ ಜಗ್ಗಿದಾಗ ಬೈಕು ಮುಂದಕ್ಕೆ ಜರುಗಿ ಸ್ಟ್ಯಾಂಡಿನಿಂದ ಇಳಿದುಬಿಡಬಹುದು. ಆದ್ದರಿಂದ ಎರಡೂ ಚಕ್ರ ನೆಲದ ಮೇಲಿರುವಾಗಲೇ, ಮತ್ತೊಬ್ಬರು ಬೈಕು ಹಿಡಿದುಕೊಂಡಿರುವಾಗ ಆಕ್ಸೆಲ್ ನಟ್ಟನ್ನು ಸ್ವಲ್ಪ ಸಡಿಲಿಸಿಕೊಳ್ಳಬೇಕು. ಆಮೇಲೆ ಸ್ಟ್ಯಾಂಡ್ ಹಾಕಿ, ಮುಂಚಕ್ರದ ಎರಡೂ ಬದಿ ಇಟ್ಟಿಗೆ ಕೊಟ್ಟು, ಮುಂದಿನ ಬ್ರೇಕ್ ಲಿವರನ್ನು ಹಳೆಯ ಟ್ಯೂಬಿನ ಪಟ್ಟಿಯಿಂದ ಹ್ಯಾಂಡಲ್ಲಿಗೆ ಬಿಗಿದು ಕಟ್ಟಬೇಕು.

ಮುಂಚಕ್ರದ ಕೆಲಸದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಇಲ್ಲಿ ತ್ರಿಕೋನದ ಒಂದು ಕಾಲನ್ನೇ ತೆಗೆದಂತಾಗುತ್ತದೆ. ಎಂಜಿನ್ನಿನ ಕೆಳಗೆ ಅಗಲವಾದ ಮರದ ದಿಮ್ಮಿ ಕೊಟ್ಟು, ಉಳಿದ ಸಂದಿಗೆ ಹಲಗೆ ಚೂರು ತುಂಬಬೇಕು. ಸೈಲೆನ್ಸರ್ ಕೊಳವೆಯ ಮೇಲಾಗಲಿ, ಆಯಿಲ್ ಇಳಿಸುವ ನಟ್ಟಿನ ಮೇಲಾಗಲಿ ಭಾರ ಬೀಳಕೂಡದು. ಹಿಂಚಕ್ರ ನೆಲಕ್ಕೆ ಕೂತ ಮೇಲೆ ಗೇರ್ ಹಾಕಿ, ಅದರ ಹಿಂದೆ ಮುಂದೆ ಇಟ್ಟಿಗೆ ಇಡಬೇಕು. ಹಿಂಬದಿಯ ಕ್ಯಾರಿಯರನ್ನು ಎರಡೂ ಬದಿಯಿಂದ ಹಗ್ಗದಲ್ಲಿ ಕಂಬಕ್ಕೆ ಬಿಗಿದರೆ ಇನ್ನೂ ಭದ್ರ.

ನೆಲವೂ ಮುಖ್ಯ

ಎರೆಮಣ್ಣಿನ ಅಂಗಳ ಒಣಗಿದಾಗ ಕಲ್ಲಿನಂತಿದ್ದರೂ ನೀರು ಬಿದ್ದೊಡನೆ ಮೆತ್ತಗಾಗಿ ಸ್ಟ್ಯಾಂಡಿನ ಕಾಲು ಹೂತುಹೋಗುತ್ತದೆ. ಬೈಕು ತೊಳೆದ ಜಾಗದಲ್ಲೇ ಮುಂದಿನ ಕೆಲಸ ಹಚ್ಚಿಕೊಳ್ಳಬಾರದು. ಸಪಾಟಾದ ಒಣ ಸಿಮೆಂಟು ನೆಲ ಅತ್ಯುತ್ತಮ. ಅದಿಲ್ಲದಿದ್ದರೆ ಸ್ಟ್ಯಾಂಡಿನ ಎರಡೂ ಕಾಲಿಗೆ ಸೇರಿ ಒಂದೇ ದಪ್ಪ ಹಲಗೆ ಹಾಸಬೇಕು. ನುಣುಪಾದ ಫರಸಿ ನೆಲದ ಮೇಲೆ ಸೋಪಿನ ನೀರು, ಎಣ್ಣೆ ಬಿದ್ದಿದ್ದರೆ ಒರೆಸಿದ ನಂತರವೇ ಸ್ಟ್ಯಾಂಡ್ ಹಾಕಬೇಕು.

ಬೆರಳು ಕಸಿಯುವ ಚೈನು

ಎಂಜಿನ್ ಚಾಲೂ ಮಾಡಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯುವ ರೂಢಿ ಅತ್ಯಂತ ಅಪಾಯಕರ. ಬಟ್ಟೆ ಸಿಕ್ಕಿಕೊಂಡರೆ ಚೈನು ಬೆರಳನ್ನೂ ಹಲ್ಲುಚಕ್ರದೊಳಗೆ ಎಳೆದುಕೊಂಡು ಕತ್ತರಿಸಬಲ್ಲದು. ಎಂಜಿನ್ ಆರಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು, ನ್ಯೂಟ್ರಲ್‌ನಲ್ಲಿ ಚಕ್ರವನ್ನು ಕೈಯಿಂದ ತಿರುಗಿಸಬೇಕು. ತಿರುಗಿಸುವ ಹೊತ್ತಿಗೆ ಇನ್ನೊಂದು ಕೈ ಚೈನಿನಿಂದ ದೂರವಿರಬೇಕು.

ಬಿದ್ದರೆ ಬೀಳಲಿ

ಬೀಳುತ್ತಿರುವ ಬೈಕನ್ನು ಹಿಡಿಯಲು ಹೋಗುವುದು ಸಹಜ ಪ್ರತಿಕ್ರಿಯೆ. ಆದರೆ ಅಷ್ಟು ಭಾರವನ್ನು ಕೈಯಲ್ಲಿ ತಡೆಯಲಾಗದು. ಹಿಂದೆ ಸರಿಯುವುದೇ ಜಾಣತನ. ಬಿದ್ದ ಬೈಕಿನಿಂದ ಪೆಟ್ರೋಲ್ ಸೋರಬಹುದಾದ್ದರಿಂದ ಒಲೆ, ಬೀಡಿ, ಸಿಗರೇಟು ಹತ್ತಿರವಿರಬಾರದು. ಬರಿಗಾಲಿನ ಬದಲು ಬೂಟು ಧರಿಸಿ, ಮಕ್ಕಳನ್ನು ದೂರವಿರಿಸಬೇಕು.

ಆಸರೆ ಸಿದ್ಧವಾದ ಮೇಲೆ ಸೀಟನ್ನು ಕೈಯಿಂದ ಮೆಲ್ಲನೆ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಅಲುಗಾಡಿಸಿ ನೋಡಬೇಕು. ಬೈಕು ಕದಲಿದರೆ ಆಸರೆಯನ್ನು ಮತ್ತೆ ಸರಿಪಡಿಸಬೇಕು. ಕದಲದಿದ್ದರೆ ಮಾತ್ರ ಪಾನಾ ಕೈಗೆತ್ತಿಕೊಳ್ಳಬಹುದು.