ಟಾರ್ಗೆಟ್ ಬೆಳೆದು ಬಂದ ದಾರಿ

ಮಾರಾಟಗಾರನಿಗೆ ತಿಂಗಳಿಗಿಷ್ಟು ಎಂದು ಗುರಿ ಗೊತ್ತುಮಾಡಿ, ತಿಂಗಳ ಕೊನೆಗೆ ಲೆಕ್ಕ ಕೇಳುವ ಪದ್ಧತಿಗೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಔಷಧ ಕಂಪನಿಯ ರೆಪ್, ವಿಮಾ ಏಜೆಂಟ್, ಬ್ಯಾಂಕ್ ಸಿಬ್ಬಂದಿ, ಸಾಫ್ಟ್‌ವೇರ್ ಮಾರುವವರು ಎಲ್ಲರೂ ಇಂದು ಟಾರ್ಗೆಟ್ ಎಂದು ಕರೆಯುವ ಅಂಕಿ ರೂಪುಗೊಂಡಿದ್ದು ಒಂದು ಪ್ರದೇಶದಲ್ಲಿ ಎಷ್ಟು ಸರಕು ಹೋಗಬಹುದು ಎಂಬ ಅಂದಾಜಿನಿಂದ. ಆ ಅಂದಾಜನ್ನು ಬಿಟ್ಟು ಅಂಕಿಯನ್ನು ವ್ಯಕ್ತಿಯ ಹೆಗಲಿಗೆ ಹೇರಿದಾಗಲೆಲ್ಲ ಲೆಕ್ಕಪುಸ್ತಕ ಒಂದು ಕಡೆ, ನಿಜವಾದ ವ್ಯಾಪಾರ ಇನ್ನೊಂದು ಕಡೆ ಆಗಿದೆ.

ಡೇಟನ್‌ನ ಗಲ್ಲಾಪೆಟ್ಟಿಗೆ

19ನೇ ಶತಮಾನದ ಅಮೆರಿಕದಲ್ಲಿ ಊರೂರು ಸುತ್ತಿ ಮಾರುವವರಿಗೇನೂ ಕೊರತೆ ಇರಲಿಲ್ಲ. ಅವರಲ್ಲಿ ಹೆಚ್ಚಿನವರು ಮಾರಿದಷ್ಟಕ್ಕೆ ಕಮಿಷನ್ ಪಡೆದು, ತಮಗೆ ತೋಚಿದ ದಾರಿ ಹಿಡಿಯುತ್ತಿದ್ದರು. ಈ ಕೆಲಸವನ್ನು ಒಂದು ವ್ಯವಸ್ಥೆಗೆ ತಂದವರಲ್ಲಿ ಮುಖ್ಯ ಹೆಸರು ಒಹಾಯೊ ರಾಜ್ಯದ ಡೇಟನ್ ಪಟ್ಟಣದ ಜಾನ್ ಎಚ್. ಪ್ಯಾಟರ್ಸನ್. ಅದೇ ಊರಿನಲ್ಲಿ ಮದ್ಯದಂಗಡಿ ನಡೆಸುತ್ತಿದ್ದ ಜೇಮ್ಸ್ ರಿಟಿ, ಗಲ್ಲಾದ ಹಣ ಸೋರಿಹೋಗುವುದನ್ನು ತಡೆಯಲು ಸೋದರನ ಜೊತೆ ಸೇರಿ 1879ರಲ್ಲಿ ಕ್ಯಾಷ್ ರಿಜಿಸ್ಟರ್‌ಗೆ ಪೇಟೆಂಟ್ ಪಡೆದಿದ್ದ. ಆ ಯಂತ್ರ ತಯಾರಿಸುತ್ತಿದ್ದ ಕಂಪನಿಯನ್ನು ಪ್ಯಾಟರ್ಸನ್ 1884ರಲ್ಲಿ ಕೊಂಡು, ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಎಂದು ಹೆಸರಿಟ್ಟ.

ಯಂತ್ರ ಮಾರುವುದು ಸುಲಭವಿರಲಿಲ್ಲ. ಅಂಗಡಿ ಮಾಲೀಕರು ತಾವು ಕೇಳದ ವಸ್ತುವಿಗೆ ದುಬಾರಿ ಬೆಲೆ ತೆರಬೇಕಿತ್ತು. ಅದು ತಮ್ಮನ್ನು ಕಳ್ಳರೆಂದು ಅನುಮಾನಿಸುವ ಪೆಟ್ಟಿಗೆ ಎಂಬುದು ಗುಮಾಸ್ತರ ಸಿಟ್ಟು. ಹಾಗಾಗಿ ಮಾರುವ ರೀತಿಯನ್ನೇ ಕಲಿಸಬೇಕಾಯಿತು. ಪ್ಯಾಟರ್ಸನ್ನನ ಭಾವಮೈದುನ ಜೋಸೆಫ್ ಕ್ರೇನ್ ತಾನು ಗಿರಾಕಿಯೊಂದಿಗೆ ಮಾತಾಡುವ ಕ್ರಮವನ್ನು ಬರೆದಿಟ್ಟ. 1887ರ ಹೊತ್ತಿಗೆ ಅದು ಎಲ್ಲ ಏಜೆಂಟರೂ ಬಾಯಿಪಾಠ ಮಾಡಬೇಕಾದ ಕೈಪಿಡಿಯಾಯಿತು.

ಇದರ ಜೊತೆಗೆ ಬಂದದ್ದು ಪ್ರದೇಶದ ಭರವಸೆ. ಒಬ್ಬ ಏಜೆಂಟನಿಗೆ ಗೊತ್ತುಮಾಡಿದ ಪ್ರದೇಶದಲ್ಲಿ ಯಂತ್ರವನ್ನು ಯಾರೇ ಮಾರಿದರೂ ಕಮಿಷನ್ ಆತನದೇ. ಇಂಥ ರಕ್ಷಣೆ ಸಿಕ್ಕವನು ಆ ಪ್ರದೇಶದಿಂದ ಇಷ್ಟು ವ್ಯಾಪಾರ ತರಲೇಬೇಕು ಎಂಬುದು ಅದರ ಇನ್ನೊಂದು ಮುಖ. ಆ 'ಇಷ್ಟು' ಎಂಬುದೇ ಕೋಟಾ. ಅದನ್ನು ಗೊತ್ತುಮಾಡುವಾಗ ಪ್ರದೇಶದ ಜನಸಂಖ್ಯೆ, ವ್ಯಾಪಾರದ ಸ್ಥಿತಿ, ಹಿಂದಿನ ಮಾರಾಟ ಮುಂತಾದವನ್ನು ನೋಡುತ್ತಿದ್ದರು. ಕೋಟಾ ಮುಟ್ಟಿದವರಿಗೆ 'ಹಂಡ್ರೆಡ್ ಪಾಯಿಂಟ್ ಕ್ಲಬ್'ನಲ್ಲಿ ಜಾಗ, ಸಮಾವೇಶಗಳಲ್ಲಿ ಸನ್ಮಾನ. ಈ ಗರಡಿಯಲ್ಲಿ ಪಳಗಿದ ಥಾಮಸ್ ಜೆ. ವಾಟ್ಸನ್ 1914ರಲ್ಲಿ ಇನ್ನೊಂದು ಕಂಪನಿಯ ಚುಕ್ಕಾಣಿ ಹಿಡಿದ. 1924ರಲ್ಲಿ ಐಬಿಎಂ ಎಂದು ಹೆಸರಾದ ಆ ಕಂಪನಿಯಲ್ಲಿ 'ಹಂಡ್ರೆಡ್ ಪರ್ಸೆಂಟ್ ಕ್ಲಬ್' ದಶಕಗಟ್ಟಲೆ ನಡೆಯಿತು.

ಅಂದಾಜಿಗೆ ಸಿಕ್ಕ ಆಧಾರ

ಕಾರ್ಖಾನೆಯ ಕೆಲಸವನ್ನು ಅಳತೆಗೆ ಒಳಪಡಿಸಬೇಕೆಂದು ಫ್ರೆಡರಿಕ್ ಟೇಲರ್ 1911ರಲ್ಲಿ ಪುಸ್ತಕ ಬರೆದ. ಎರಡೇ ವರ್ಷದಲ್ಲಿ ಚಾರ್ಲ್ಸ್ ವಿಲ್ಸನ್ ಹಾಯ್ಟ್ ಅದೇ ದೃಷ್ಟಿಯನ್ನು ಮಾರಾಟಕ್ಕೆ ಅನ್ವಯಿಸಿ 'ಸೈಂಟಿಫಿಕ್ ಸೇಲ್ಸ್ ಮ್ಯಾನೇಜ್‌ಮೆಂಟ್' ಪ್ರಕಟಿಸಿದ. ಆದರೆ ಒಂದು ಪ್ರದೇಶದಲ್ಲಿ ಎಷ್ಟು ಅಂಗಡಿಗಳಿವೆ, ಅವುಗಳ ವಹಿವಾಟು ಎಷ್ಟು ಎಂಬುದು ಗೊತ್ತಿಲ್ಲದೆ ಕೋಟಾ ಹಾಕುವುದು ಬಹಳಮಟ್ಟಿಗೆ ಊಹೆಯೇ ಆಗಿತ್ತು. ಅಮೆರಿಕದ 1930ರ ಜನಗಣತಿಯ ಜೊತೆಗೆ, 1929ನೇ ವರ್ಷದ ಸಗಟು ಮತ್ತು ಚಿಲ್ಲರೆ ವ್ಯಾಪಾರದ ಗಣತಿಯೂ ದೇಶಾದ್ಯಂತ ನಡೆದಾಗ ಈ ಕೊರತೆ ನೀಗತೊಡಗಿತು. ತಮ್ಮ ಸರಕಿನ ಮಾರುಕಟ್ಟೆ ಎಲ್ಲಿ ಎಷ್ಟಿದೆ ಎಂದು ಕಂಪನಿಗಳು ಇನ್ನು ಅಂಕಿಅಂಶ ಇಟ್ಟುಕೊಂಡು ಲೆಕ್ಕ ಹಾಕಬಹುದಿತ್ತು.

ಗುರಿ ಏಕೆ ಕೆಲಸ ಮಾಡುತ್ತದೆ

1954ರಲ್ಲಿ ಪೀಟರ್ ಡ್ರಕರ್ 'ದಿ ಪ್ರಾಕ್ಟೀಸ್ ಆಫ್ ಮ್ಯಾನೇಜ್‌ಮೆಂಟ್' ಕೃತಿಯಲ್ಲಿ ಗುರಿಯಾಧಾರಿತ ನಿರ್ವಹಣೆಯನ್ನು ಮುಂದಿಟ್ಟ. ಗುರಿ ರೂಪಿಸುವುದರಲ್ಲಿ ಅದನ್ನು ಸಾಧಿಸಬೇಕಾದವನದೂ ಪಾಲಿರಬೇಕು, ತನ್ನ ಸಾಧನೆಯನ್ನು ತಾನೇ ಅಳೆದುಕೊಳ್ಳುವ ಮಾಹಿತಿ ಅವನ ಕೈಗೇ ಸಿಗಬೇಕು ಎಂಬುದು ಅದರ ತಿರುಳು. 1968ರಲ್ಲಿ ಮನೋವಿಜ್ಞಾನಿ ಎಡ್ವಿನ್ ಲಾಕ್, 'ಕೈಲಾದಷ್ಟು ಮಾಡಿ' ಎನ್ನುವುದಕ್ಕಿಂತ ಸ್ಪಷ್ಟವಾದ, ತುಸು ಕಷ್ಟದ ಗುರಿ ಕೊಟ್ಟಾಗ ಜನ ಹೆಚ್ಚು ಸಾಧಿಸುತ್ತಾರೆ ಎಂದು ತೋರಿಸಿಕೊಟ್ಟ.

ಇದಕ್ಕೆ ಒಳ್ಳೆಯ ನಿದರ್ಶನ ಸಿಕ್ಕಿದ್ದು ಒಕ್ಲಹೋಮದ ಕಾಡಿನಲ್ಲಿ. ಅಲ್ಲಿ ಮರದ ದಿಮ್ಮಿ ಸಾಗಿಸುವ ಲಾರಿಗಳು ಕಾನೂನು ಒಪ್ಪುವ ತೂಕದ ಸುಮಾರು ಶೇ 60ರಷ್ಟನ್ನು ಮಾತ್ರ ಹೊರುತ್ತಿದ್ದವು. ಗ್ಯಾರಿ ಲೇಥಮ್ ಮತ್ತು ಸಂಗಡಿಗರು ಚಾಲಕರಿಗೆ ಶೇ 94ರ ಗುರಿ ಕೊಟ್ಟರು. ಸಂಬಳ ಏರಿಸಲಿಲ್ಲ, ಚೆನ್ನಾಗಿ ಮಾಡಿದರೆ ಮೆಚ್ಚುಗೆಯ ಮಾತು, ಅಷ್ಟೆ. ಕೆಲವೇ ತಿಂಗಳಲ್ಲಿ ಲೋಡ್ ಶೇ 90ರ ಆಚೆಗೆ ಹೋಗಿ ಅಲ್ಲೇ ನಿಂತಿತು. 1975ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಗಮನಿಸಬೇಕಾದ್ದೆಂದರೆ, ಲಾರಿಗೆ ಎಷ್ಟು ದಿಮ್ಮಿ ಏರಿಸುವುದು ಎಂಬುದು ಪೂರ್ತಿಯಾಗಿ ಚಾಲಕರ ಕೈಯಲ್ಲೇ ಇತ್ತು. ಮಾರಾಟಗಾರನಿಗೆ ಈ ಅನುಕೂಲವಿಲ್ಲ. ಎಷ್ಟು ಜನರನ್ನು ಭೇಟಿಯಾಗುವುದು ಎಂಬುದು ಅವನ ಕೈಯಲ್ಲಿದೆ. ಕೊಳ್ಳುವುದು ಬಿಡುವುದು ಎದುರಿನವರ ಇಷ್ಟ.

1970ರ ದಶಕದಲ್ಲಿ ಇಂಟೆಲ್‌ನ ಆ್ಯಂಡಿ ಗ್ರೋವ್ ಗುರಿಯನ್ನೂ, ಅದನ್ನು ತಲುಪಿದ್ದೇವೆಂದು ತೋರಿಸುವ ಅಳೆಯಬಲ್ಲ ಫಲಿತಾಂಶಗಳನ್ನೂ ಬೇರೆ ಬೇರೆಯಾಗಿ ಬರೆಯುವ ಕ್ರಮ ತಂದ. ಇಂಟೆಲ್‌ನಲ್ಲಿ ದುಡಿದಿದ್ದ ಜಾನ್ ಡೋರ್ 1999ರಲ್ಲಿ ಅದನ್ನು ಗೂಗಲ್‌ಗೆ ಕೊಂಡೊಯ್ದ.

ಭಾರತದ ಫೀಲ್ಡ್‌ನಲ್ಲಿ

ಭಾರತದಲ್ಲಿ ಟಾರ್ಗೆಟ್ ಎಂಬ ಮಾತನ್ನು ಮನೆಮಾತಾಗಿಸಿದ್ದರಲ್ಲಿ ವಿಮೆ ಮತ್ತು ಔಷಧ ವ್ಯಾಪಾರದ ಪಾಲು ದೊಡ್ಡದು. 1956ರ ಸೆಪ್ಟೆಂಬರ್ 1ರಂದು 245 ಸಂಸ್ಥೆಗಳನ್ನು ಒಂದುಗೂಡಿಸಿ ಜೀವ ವಿಮಾ ನಿಗಮ ಸ್ಥಾಪನೆಯಾಯಿತು. ವಲಯ, ವಿಭಾಗ, ಶಾಖೆ, ಅಭಿವೃದ್ಧಿ ಅಧಿಕಾರಿ, ಏಜೆಂಟ್ ಎಂದು ಗುರಿ ಮೇಲಿನಿಂದ ಕೆಳಕ್ಕೆ ಹಂಚಿಕೆಯಾಗುತ್ತ ಬರುತ್ತದೆ. ಏಜೆನ್ಸಿ ಉಳಿಸಿಕೊಳ್ಳಲು ಕನಿಷ್ಠ ವ್ಯವಹಾರ ಮಾಡಲೇಬೇಕು. 1927ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಹುಟ್ಟಿದ 'ಮಿಲಿಯನ್ ಡಾಲರ್ ರೌಂಡ್ ಟೇಬಲ್' ಸದಸ್ಯತ್ವ ಇಲ್ಲಿನ ಏಜೆಂಟರಿಗೂ ದೊಡ್ಡ ಬಿರುದು.

ಔಷಧ ಕಂಪನಿಗಳ ರೆಪ್‌ಗಳ ಸೇವಾ ಷರತ್ತುಗಳಿಗೆ 1976ರಲ್ಲಿ ಪ್ರತ್ಯೇಕ ಕಾನೂನೇ ಬಂತು. ರೆಪ್‌ನ ಕೆಲಸಕ್ಕೆ ಎರಡು ಲೆಕ್ಕ: ಟೂರ್ ಪ್ರೋಗ್ರಾಂ ಪ್ರಕಾರ ಯಾವ ಡಾಕ್ಟರರನ್ನು ಎಷ್ಟು ಸಲ ಕಂಡ ಎಂಬ ದೈನಂದಿನ ವರದಿ, ಮತ್ತು ಮಾರಾಟದ ಅಂಕಿ. ಮಾರಾಟದಲ್ಲೂ ಎರಡು ಬಗೆ. ಕಂಪನಿಯಿಂದ ಸ್ಟಾಕಿಸ್ಟ್‌ಗೆ, ಅಂದರೆ ಸಗಟು ವಿತರಕನಿಗೆ, ಹೋದದ್ದು ಪ್ರೈಮರಿ. ಸ್ಟಾಕಿಸ್ಟ್‌ನಿಂದ ಮೆಡಿಕಲ್ ಶಾಪ್‌ಗೆ ಹೋದದ್ದು ಸೆಕೆಂಡರಿ. ಟಾರ್ಗೆಟ್ ಯಾವುದರ ಮೇಲೆ ಎಂಬುದರಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂದು ಒಂದು ಕಾಲ್ಪನಿಕ ಲೆಕ್ಕದಿಂದ ನೋಡಬಹುದು.

ಹಾಸನದಲ್ಲಿ ಹೆಡ್‌ಕ್ವಾರ್ಟರ್, ಅರಸೀಕೆರೆ, ಬೇಲೂರು, ಸಕಲೇಶಪುರ ಸುತ್ತಾಟ ಇರುವ ರೆಪ್‌ ಒಬ್ಬನಿಗೆ ತಿಂಗಳಿಗೆ 6 ಲಕ್ಷ ರೂಪಾಯಿಯ ಪ್ರೈಮರಿ ಟಾರ್ಗೆಟ್ ಇದೆ ಎನ್ನೋಣ. ಮೆಡಿಕಲ್ ಶಾಪ್‌ಗಳು ನಿಜಕ್ಕೂ ಎತ್ತುವ ಮಾಲು 4.8 ಲಕ್ಷದ್ದು. ತಿಂಗಳ ಕೊನೆಗೆ ಸ್ಟಾಕಿಸ್ಟ್‌ನ ಕೈಕಾಲು ಹಿಡಿದು 1.2 ಲಕ್ಷದ ಮಾಲು ಹೆಚ್ಚಿಗೆ ಇಳಿಸಿದರೆ ಶೇ 100 ಆಯಿತು. ಎರಡನೆಯ ತಿಂಗಳು ಅಂಗಡಿಗಳ ಬೇಡಿಕೆ ಅಷ್ಟೇ. ಗೋದಾಮಿನಲ್ಲಿ ಆಗಲೇ 1.2 ಲಕ್ಷದ ಮಾಲು ಇರುವುದರಿಂದ ಸ್ಟಾಕಿಸ್ಟ್‌ಗೆ ಬೇಕಾದದ್ದು 3.6 ಲಕ್ಷದ್ದು ಮಾತ್ರ. ಈಗ ಒತ್ತಾಯದಿಂದ ಇಳಿಸಬೇಕಾದದ್ದು 2.4 ಲಕ್ಷದ್ದು. ಮೂರನೆಯ ತಿಂಗಳು ಅದು 3.6 ಲಕ್ಷಕ್ಕೆ ಏರುತ್ತದೆ. ರಿವ್ಯೂ ಮೀಟಿಂಗ್‌ನಲ್ಲಿ ಮೂರು ತಿಂಗಳೂ ಶೇ 100. ಪೇಟೆಯಲ್ಲಿ ಮಾತ್ರ ಒಂದು ಗುಳಿಗೆಯೂ ಹೆಚ್ಚಿಗೆ ಮಾರಾಟವಾಗಿಲ್ಲ. ನಾಲ್ಕನೆಯ ತಿಂಗಳು ಸ್ಟಾಕಿಸ್ಟ್ ಕೈಯೆತ್ತುತ್ತಾನೆ, ಅವಧಿ ಮುಗಿಯುತ್ತ ಬಂದ ಮಾಲು ಕಂಪನಿಗೇ ವಾಪಸಾಗುತ್ತದೆ.

ಅಂಕಿಯ ಅಡ್ಡಪರಿಣಾಮ

ಈ ನೂಕುವ ಚಾಳಿ ಒಂದು ದೇಶಕ್ಕೆ ಸೀಮಿತವಲ್ಲ. ಅಮೆರಿಕದ ತಯಾರಿಕಾ ಕಂಪನಿಗಳ ಮಾರಾಟ ಆರ್ಥಿಕ ವರ್ಷದ ಕೊನೆಗೆ ಉಬ್ಬಿ, ಹೊಸ ವರ್ಷದ ಮೊದಲಿಗೆ ಕುಗ್ಗುವುದನ್ನು ಅರ್ಥಶಾಸ್ತ್ರಜ್ಞ ಪಾಲ್ ಓಯರ್ 1998ರಲ್ಲಿ ದಾಖಲಿಸಿದ. ಟಾರ್ಗೆಟ್ ಆಗಲೇ ಮುಟ್ಟಿದವನು ಆರ್ಡರ್ ಅನ್ನು ಮುಂದಿನ ಅವಧಿಗೆ ತಳ್ಳುವುದೂ ಉಂಟು. ಈ ವರ್ಷ ಮೀರಿ ಸಾಧಿಸಿದರೆ ಮುಂದಿನ ವರ್ಷದ ಟಾರ್ಗೆಟ್ ಅಲ್ಲಿಂದಲೇ ಶುರುವಾಗುತ್ತದೆ ಎಂಬ ಅಂಜಿಕೆಯಿಂದ ಕೈ ಬಿಗಿಹಿಡಿಯುವವರೂ ಇದ್ದಾರೆ. ಹಿಂದಿನ ಸಾಧನೆಗೆ ಇಂತಿಷ್ಟು ಶೇಕಡಾ ಸೇರಿಸಿ ಗುರಿ ಹಾಕುವ ಕಡೆಗಳಲ್ಲಿ ಇದು ಸಾಮಾನ್ಯ.

ಅತಿರೇಕ ಕಂಡದ್ದು ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನಲ್ಲಿ. ಪ್ರತಿ ಗ್ರಾಹಕ ಕುಟುಂಬಕ್ಕೆ ಬ್ಯಾಂಕಿನ ಎಂಟು ಉತ್ಪನ್ನ ಮಾರುವ ಗುರಿ ಅಲ್ಲಿತ್ತು. ಒತ್ತಡ ತಾಳದ ಸಿಬ್ಬಂದಿ ಗ್ರಾಹಕರ ಒಪ್ಪಿಗೆಯಿಲ್ಲದೆ ಖಾತೆ ತೆರೆದರು. 2016ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕ್ 18.5 ಕೋಟಿ ಡಾಲರ್ ದಂಡ ತೆರಲು ಒಪ್ಪಿತು. ಅದಾಗಲೇ ಸುಮಾರು 5,300 ಮಂದಿ ಕೆಲಸ ಕಳೆದುಕೊಂಡಿದ್ದರು. ಬಳಿಕ ಚಿಲ್ಲರೆ ಬ್ಯಾಂಕಿಂಗ್ ಶಾಖೆಗಳಲ್ಲಿ ಉತ್ಪನ್ನ ಮಾರಾಟದ ಗುರಿಗಳನ್ನೇ ತೆಗೆದುಹಾಕಲಾಯಿತು.

ಪರಿಶೀಲನೆಯ ಈಗಿನ ರೂಪ

ಈ ಅನುಭವಗಳಿಂದ ಗುರಿ ಹಾಕುವ ಮತ್ತು ಪರಿಶೀಲಿಸುವ ಕ್ರಮ ಎರಡೂ ಬದಲಾಗಿವೆ. ವರ್ಷದ ಅಂಕಿಯನ್ನು ಹನ್ನೆರಡರಿಂದ ಭಾಗಿಸುವ ಬದಲು ಸೀಸನ್ ನೋಡಿ ಹಂಚುತ್ತಾರೆ. ಕೆಮ್ಮು–ಜ್ವರದ ಔಷಧಿಗೆ ಮಳೆಗಾಲದ ತಿಂಗಳು, ಬಟ್ಟೆ ಮತ್ತು ಗೃಹೋಪಯೋಗಿ ವಸ್ತುಗಳಿಗೆ ದಸರಾ–ದೀಪಾವಳಿ. ವಾರದ ಪರಿಶೀಲನೆಯಲ್ಲಿ ನೋಡುವುದು ಮಾರಾಟಗಾರನ ಕೈಯಲ್ಲಿರುವ ಕೆಲಸವನ್ನು: ಎಷ್ಟು ಭೇಟಿ, ಎಷ್ಟು ಹೊಸ ಗಿರಾಕಿ, ಎಷ್ಟು ಕೊಟೇಷನ್, ಯಾವುದು ಎಲ್ಲಿ ನಿಂತಿದೆ. ತಿಂಗಳ ಪರಿಶೀಲನೆಯಲ್ಲಿ ಮಾರಾಟದ ಜೊತೆಗೆ ಸ್ಟಾಕಿಸ್ಟ್ ಬಳಿ ಉಳಿದ ಮಾಲು, ವಾಪಸಾದ ಮಾಲು, ಬರಬೇಕಾದ ಬಾಕಿ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ವಿಮೆಯಲ್ಲಿ ಹೊಸ ಪಾಲಿಸಿಗಳ ಸಂಖ್ಯೆಯ ಜೊತೆ, ಹಿಂದಿನ ಪಾಲಿಸಿಗಳ ಕಂತು ಮುಂದುವರಿದಿದೆಯೇ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಮೂರು ತಿಂಗಳಿಗೊಮ್ಮೆ ಗುರಿಯನ್ನೇ ಪರಿಶೀಲನೆಗೆ ಒಡ್ಡಬೇಕಾಗುತ್ತದೆ. ಪ್ರದೇಶ ಇಬ್ಬಾಗವಾಗಿದ್ದರೆ, ಕಂಪನಿಯಿಂದ ಸರಬರಾಜು ನಿಂತಿದ್ದರೆ, ದೊಡ್ಡ ಗಿರಾಕಿ ಊರು ಬಿಟ್ಟಿದ್ದರೆ ಹಳೆಯ ಅಂಕಿಗೆ ಅರ್ಥವಿಲ್ಲ. ಮಾರಾಟಗಾರ ಸೋಮಾರಿಯಾಗಿದ್ದರೆ ಅದು ಭೇಟಿಗಳ ಲೆಕ್ಕದಲ್ಲಿ ಕಾಣುತ್ತದೆ. ಭೇಟಿ ಸರಿಯಾಗಿದ್ದೂ ವ್ಯಾಪಾರ ಆಗದಿದ್ದರೆ ಬೆಲೆ, ಮಾಲು, ಮಾತಿನ ರೀತಿ ಇಲ್ಲವೇ ಮೂಲ ಅಂದಾಜು ಇವುಗಳಲ್ಲೊಂದು ತಪ್ಪಿದೆ ಎಂದರ್ಥ. ತಪ್ಪು ಯಾವುದರಲ್ಲಿ ಎಂದು ಬೇರ್ಪಡಿಸಿ ತೋರಿಸುವ ಪರಿಶೀಲನೆಯಿಂದಲೇ ಮುಂದಿನ ಮೂರು ತಿಂಗಳ ಗುರಿಯನ್ನು ಸರಿಯಾಗಿ ಗೊತ್ತುಮಾಡಲು ಸಾಧ್ಯ.