ರಜೆಯಲ್ಲಿ ಊರೇ ಆಟದ ಅಂಗಳ

ಮಹಾರಾಷ್ಟ್ರದ ಶಾಲೆಗಳಿಗೆ ವರ್ಷದಲ್ಲಿ ಎರಡು ದೀರ್ಘ ರಜೆಗಳಿವೆ: ಒಂದು ದೀಪಾವಳಿಯದು, ಇನ್ನೊಂದು ಮೇ ತಿಂಗಳಿನಿಂದ ಜೂನ್ ನಡುಭಾಗದವರೆಗಿನ ಬೇಸಿಗೆಯದು. ಈ ದಿನಗಳಲ್ಲಿ ಮಕ್ಕಳನ್ನು ಬೇಸರವಾಗದಂತೆ ತೊಡಗಿಸಿಡುವುದು ಹೇಗೆ ಎಂಬುದು ಎಲ್ಲ ಕಡೆಯ ಪಾಲಕರ ಪ್ರಶ್ನೆ. ಉಮರ್ಗಾ, ನಿಲಂಗಾ, ಉದಗೀರ ಭಾಗದ ಕನ್ನಡ ಮಾತೃಭಾಷೆಯ ಮಕ್ಕಳ ವಿಷಯದಲ್ಲಿ ಇದರೊಂದಿಗೆ ಇನ್ನೊಂದು ಪ್ರಶ್ನೆಯೂ ಹೆಣೆದುಕೊಂಡಿದೆ. ಶಾಲೆಯ ಬಾಗಿಲು ಮುಚ್ಚಿದ ದಿನದಿಂದ ಇಲ್ಲಿನ ಮಗುವಿನ ಕಣ್ಣಿಗೆ ಕನ್ನಡದ ಅಕ್ಷರ ಬೀಳುವುದು ವಿರಳ. ಬಸ್ಸಿನ ಫಲಕ, ಅಂಗಡಿಯ ಹೆಸರು, ಹೊಲದ ಸಾತ್‌ಬಾರಾ ಉತಾರೆ ಎಲ್ಲವೂ ಮರಾಠಿಯಲ್ಲಿವೆ. ಮನೆಯಲ್ಲಿ ಕನ್ನಡವಿದೆ, ಆದರೆ ಅದು ಪಠ್ಯಪುಸ್ತಕದ ಕನ್ನಡವಲ್ಲ. ಹೀಗಾಗಿ ಜೂನ್‌ನಲ್ಲಿ ಮರಳಿದ ಮಗು ಓದುವಾಗ ತಡವರಿಸುವುದನ್ನು ಕಂಡು, ಮುಂದಿನ ರಜೆಗೆ ಹೆಚ್ಚು ಮನೆಗೆಲಸ ಕೊಡಬೇಕೆಂದು ಶಿಕ್ಷಕರಿಗೆ ಅನಿಸುವುದು ಸಹಜ.

ಈ ಲೇಖನದ ಅಭಿಪ್ರಾಯ ಬೇರೆ. ರಜೆಯಲ್ಲಿ ಮಗುವಿನ ಕನ್ನಡವನ್ನು ಉಳಿಸುವುದು ಬರೆದು ಮುಗಿಸಬೇಕಾದ ಪುಟಗಳಲ್ಲ, ಜೊತೆಯವರೊಡನೆ ಮತ್ತು ಹಿರಿಯರೊಡನೆ ಆಡುವ ಆಟ. ಶಿಕ್ಷಕರು ಮಾಡಬೇಕಾದದ್ದು ಇಷ್ಟೆ: ರಜೆಗೆ ಮುನ್ನ ಮಗುವಿಗೆ ತನ್ನ ಊರಿನೊಳಗೇ ಇರುವ ಆಟ, ಮಾತು, ಮನುಷ್ಯರ ಕಡೆಗೆ ದಾರಿ ತೋರುವುದು, ರಜೆಯ ನಂತರ ಮಗು ತಂದದ್ದನ್ನು ತರಗತಿಯಲ್ಲಿ ಗೌರವದಿಂದ ಬರಮಾಡಿಕೊಳ್ಳುವುದು.

ಎರಡು ಮಾತುಗಳ ನಾಡು

ನಿಲಂಗಾ ಮತ್ತು ಉದಗೀರ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯ ತಾಲೂಕುಗಳಾಗಿದ್ದವು. 1982ರಲ್ಲಿ ಲಾತೂರ ಜಿಲ್ಲೆ ರಚನೆಯಾದಾಗ ಅದರೊಳಗೆ ಸೇರಿದವು. ಉಮರ್ಗಾ ಇಂದಿನ ಧಾರಾಶಿವ ಜಿಲ್ಲೆಯಲ್ಲಿದೆ. ಸೋಲಾಪುರ–ಹೈದರಾಬಾದ್ ಹೆದ್ದಾರಿಯ ತುರೋರಿಯಿಂದ ಪೂರ್ವಕ್ಕೆ ಸ್ವಲ್ಪ ದೂರ ಸಾಗಿದರೆ ಕರ್ನಾಟಕದ ಗಡಿ, ಅದರಾಚೆ ಬಸವಕಲ್ಯಾಣ. ಗಡಿರೇಖೆ ಬದಲಾದರೂ ಸಂತೆ, ಜಾತ್ರೆ, ನೆಂಟಸ್ತಿಕೆಗಳು ಬದಲಾಗಲಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಅನುಕೂಲ ಒದಗಿಸಬೇಕೆಂದು ಹೇಳುವ ಸಂವಿಧಾನದ 350ಎ ವಿಧಿ ಕೂಡ 1956ರಲ್ಲಿಯೇ ಸೇರಿತು. ಆ ವಿಧಿ ಶಾಲೆಯ ದಿನಗಳಿಗೆ ಆಸರೆ. ರಜೆಯ ದಿನಗಳಿಗೆ ಊರೇ ಆಸರೆ.

ಇಲ್ಲಿನ ಓಣಿಯಲ್ಲಿ ಮಕ್ಕಳು ಆಡುವುದು ಎರಡೂ ಭಾಷೆಗಳಲ್ಲಿ. ಒಬ್ಬನ ಚಿಣಿಪಣಿ ಮತ್ತೊಬ್ಬನಿಗೆ ವಿಟಿದಾಂಡು. ಬುಗುರಿ ಭೋವರಾ ಆಗುತ್ತದೆ. ಹುಣಸೆ ಬೀಜ ಚಿಂಚೋಕಾ ಆಗುತ್ತದೆ. ಲಗೋರಿ ಮಾತ್ರ ಎರಡರಲ್ಲೂ ಲಗೋರಿಯೇ. ಇದನ್ನು ಕಲಬೆರಕೆಯೆಂದು ತಿದ್ದಬೇಕಾಗಿಲ್ಲ. ಯಾವುದು ಯಾವ ಮಾತು ಎಂದು ಮಗು ತಾನೇ ಗುರುತಿಸಿ ಜೋಡಿ ಪದಗಳನ್ನು ಕೂಡಿಸಲಿ. ಮರಾಠಿ ಶಾಲೆಯ ಗೆಳೆಯನಿಗೆ ಆಟದ ನಿಯಮ ವಿವರಿಸುವ ಮಗು ತನ್ನ ಭಾಷೆಯನ್ನು ಕಳೆದುಕೊಳ್ಳುವುದಿಲ್ಲ; ಅದನ್ನು ಹೊರಗಿನಿಂದ ನೋಡಲು ಕಲಿಯುತ್ತದೆ.

ಖರ್ಚಿಲ್ಲದ ಆಟಗಳು

ಬೇಸಿಗೆಯಲ್ಲಿ ಈ ಭಾಗದ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಗಿನ ಹತ್ತರಿಂದ ಸಂಜೆ ಐದರವರೆಗೆ ಬಯಲಾಟ ಸಲ್ಲದು. ಆ ಹೊತ್ತಿಗೆ ಪಡಸಾಲೆಯಲ್ಲಿ, ಬೇವಿನ ನೆರಳಿನಲ್ಲಿ ಕುಳಿತು ಆಡುವ ಆಟಗಳು ಬೇಕು.

ಚೌಕಾಬಾರಕ್ಕೆ ಬೇಕಾದದ್ದು ಸೀಮೆಸುಣ್ಣದ ಒಂದು ತುಂಡು ಮತ್ತು ಸೀಳಿದ ಹುಣಸೆ ಬೀಜದ ನಾಲ್ಕು ಹೋಳುಗಳು. ನೆಲದ ಮೇಲೆ ಐದು ಸಾಲು, ಐದು ಕಂಬಗಳ 25 ಮನೆಗಳನ್ನು ಬರೆಯಬೇಕು. ಬೀಜಗಳನ್ನು ಎಸೆದಾಗ ಮೇಲಾದ ಬಿಳಿ ಬದಿಗಳ ಎಣಿಕೆಯಷ್ಟು ಕಾಯಿ ಸಾಗುತ್ತದೆ. ನಾಲ್ಕೂ ಕಪ್ಪಾಗಿ ಬಿದ್ದರೆ ಎಂಟು. ಕಟ್ಟೆಯ ಮನೆಯಲ್ಲಿದ್ದ ಕಾಯಿಯನ್ನು ಕಡಿಯುವಂತಿಲ್ಲ. ನಡುಮನೆ ಸೇರಿದ ಕಾಯಿ ಹಣ್ಣಾಗುತ್ತದೆ. ಕಾಯಿ, ಕಟ್ಟೆ, ಕಡಿ, ಹಣ್ಣು ಎಂಬ ಈ ಪದಗಳನ್ನು ಮಗು ಅರ್ಥ ಕೇಳಿ ಕಲಿಯುವುದಿಲ್ಲ. ಗೆಲ್ಲಬೇಕೆಂಬ ಆಸೆಯಿಂದ ಬಳಸಿ ಕಲಿಯುತ್ತದೆ.

ಅಳಗುಳಿ ಮಣೆಗೆ ಎರಡು ಸಾಲುಗಳಲ್ಲಿ ಏಳೇಳು ಗುಳಿಗಳು. ಮರದ ಮಣೆ ಇಲ್ಲದಿದ್ದರೆ ಅಂಗಳದ ಮಣ್ಣಿನಲ್ಲಿ 14 ಗುಳಿ ತೋಡಿದರೆ ಸಾಕು. ಗುಳಿಗೆ ಐದರಂತೆ 70 ಬೀಜಗಳನ್ನು ಹಂಚಿ ಆಡುವುದು ಒಂದು ಕ್ರಮ. ಮನೆಮನೆಗೆ ಕ್ರಮ ಬೇರೆಯಾಗಬಹುದು. ಯಾವ ಗುಳಿಯಿಂದ ಎತ್ತಿದರೆ ಕೊನೆಯ ಬೀಜ ಎಲ್ಲಿ ಬೀಳುತ್ತದೆಂದು ಮೊದಲೇ ಲೆಕ್ಕ ಹಾಕುವ ಮಗು ಕೂಡುವುದನ್ನೂ ಕಳೆಯುವುದನ್ನೂ ಬಾಯಲ್ಲೇ ಮಾಡುತ್ತಿರುತ್ತದೆ. ಕಲ್ಲಾಟ, ಒಡಪು ಹೇಳುವುದು, ದಾರದಿಂದ ಬೆರಳುಗಳಲ್ಲಿ ಆಕಾರ ಕಟ್ಟುವುದು ಇವೂ ನೆರಳಿನ ಆಟಗಳೇ. ಸಂಜೆಗೆ ಲಗೋರಿ, ಕುಂಟಾಟ, ಕಬಡ್ಡಿ.

1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದಲ್ಲಿ ಉಮರ್ಗಾ ಮತ್ತು ಔಸಾ ತಾಲೂಕುಗಳ ಹಲವು ಊರುಗಳು ನೆಲಸಮವಾಗಿ ಬೇರೆಡೆ ಹೊಸದಾಗಿ ಎದ್ದವು. ಹಳೆಯ ಊರಿನ ಇಕ್ಕಟ್ಟಾದ ಓಣಿ, ಕಟ್ಟೆಗಳು ಹೋಗಿ ಉದ್ದನೆಯ ನೇರ ಬೀದಿಗಳು, ಬಿಡಿಬಿಡಿ ಮನೆಗಳು ಬಂದವು. ಅಂಥ ಊರುಗಳಲ್ಲಿ ಮಕ್ಕಳು ತಾವಾಗಿ ಒಂದೆಡೆ ಕೂಡುವುದು ಕಷ್ಟ. ಅಲ್ಲಿ ಗುಡಿಯ ಮುಂಭಾಗ, ಸಮಾಜಮಂದಿರ ಅಥವಾ ದೊಡ್ಡ ಮರದ ನೆರಳನ್ನು ‘ಕೂಡುವ ಜಾಗ’ವೆಂದು ಶಿಕ್ಷಕರು ಪಾಲಕರೊಂದಿಗೆ ಮೊದಲೇ ಗೊತ್ತುಮಾಡುವುದು ಒಳಿತು.

ಹಿರಿಯರೇ ಪುಸ್ತಕ

ಊರಿನ ಅಜ್ಜಿ, ಆಯಿಗಳ ಬಳಿ ಇರುವ ಕನ್ನಡ ಗ್ರಂಥಾಲಯದಲ್ಲಿ ಸಿಗುವಂಥದಲ್ಲ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದಾಗ ಅವರು ಕೂಡಿಸಿದ್ದು ಭೀಮೆಯ ಸೀಮೆಯ ಹೆಣ್ಣುಮಕ್ಕಳು ಬೀಸುವಾಗ, ಕುಟ್ಟುವಾಗ ಹಾಡಿದ ತ್ರಿಪದಿಗಳನ್ನೇ. ಅದೇ ಬೀಸುಕಲ್ಲಿನ ಮುಂದೆ ಮರಾಠಿಯ ತಾಯಂದಿರು ಓವಿ ಹಾಡಿದರು. ಬೀಸುಕಲ್ಲು ಮೂಲೆ ಸೇರಿದರೂ ಹಾಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ರಜೆಯಲ್ಲಿ ಒಂದು ಮಗು ಒಬ್ಬ ಹಿರಿಯರಿಂದ ಒಂದು ಹಾಡು, ಎರಡು ಒಡಪು, ಒಂದು ಆಟ ಕಲಿತು ಬಂದರೆ ಸಾಕು. ಬರೆಯಲೇಬೇಕೆಂಬ ನಿರ್ಬಂಧ ಬೇಡ. ನೆನಪಿನಲ್ಲಿ ತಂದರೂ ಸರಿ. ಭೂಕಂಪದಂಥ ನೋವಿನ ನೆನಪುಗಳನ್ನು ಮಾತ್ರ ಹಿರಿಯರು ತಾವಾಗಿ ಹೇಳಿದರೆ ಕೇಳಬೇಕು, ಕೆದಕಬಾರದೆಂದು ಮಕ್ಕಳಿಗೆ ತಿಳಿಸಬೇಕು.

ಹಬ್ಬಗಳೂ ಇಂಥ ಪಾಠಗಳೇ. ಮಾರ್ಗಶಿರದ ಅಮಾವಾಸ್ಯೆಯಂದು ಲಾತೂರ, ಧಾರಾಶಿವ ಜಿಲ್ಲೆಗಳಲ್ಲಿ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಕಣಿಕೆಯ ಕೊಪ್ಪೆ ಕಟ್ಟಿ ಪಾಂಡವರೆಂದು ಐದು ಕಲ್ಲುಗಳನ್ನು ಪೂಜಿಸಿ, ಅಂಬಲಿ ಮತ್ತು ಕಾಳುಗಳ ಭಜ್ಜಿ ಉಂಡು, ಬೆಳೆಗೆ ಚರಗ ಚೆಲ್ಲುತ್ತಾರೆ. ಮರಾಠಿಯಲ್ಲಿ ವೇಳ ಅಮಾವಾಸ್ಯೆ, ಯೆಳವಸ ಎಂದು ಕರೆಯುವ ಈ ಹಬ್ಬದ ಹೆಸರಿನಲ್ಲಿ ನಮ್ಮ ಎಳ್ಳ ಅಮಾವಾಸ್ಯೆಯ ದನಿ ಸ್ಪಷ್ಟವಾಗಿ ಕೇಳುತ್ತದೆ. ಅಂದು ಹೊಲದಲ್ಲಿ ಕಂಡ ಕಾಳು, ಗಿಡ, ಹಕ್ಕಿಗಳ ಹೆಸರನ್ನು ಎರಡೂ ಭಾಷೆಗಳಲ್ಲಿ ಎಣಿಸುವುದೇ ಮಕ್ಕಳಿಗೆ ದಿನವಿಡೀ ಸಾಲುವ ಆಟ. ಜ್ಯೇಷ್ಠದ ಮಣ್ಣೆತ್ತಿನ ಅಮಾವಾಸ್ಯೆ ಶಾಲೆ ತೆರೆಯುವ ದಿನಗಳ ಆಸುಪಾಸಿನಲ್ಲಿ ಬರುತ್ತದೆ. ಎತ್ತು ಮಾಡಲು ಯಾವ ಮಣ್ಣು ಒಡೆಯದು, ಅದನ್ನು ಎಷ್ಟು ಹದಮಾಡಬೇಕೆಂದು ರಜೆಯಲ್ಲೇ ಹುಡುಕಿಟ್ಟ ಮಗುವಿಗೆ ಅಂದು ಹೆಮ್ಮೆ.

ಎಚ್ಚರಿಕೆಗಳು

ಮೊದಲನೆಯದು ನೀರು. ತೆರೆದ ಬಾವಿಗಳಿಗೆ ಹಿರಿಯರಿಲ್ಲದೆ ಇಳಿಯಬಾರದು. ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡ, ಅಂದರೆ ಶೇತತಳೆ, ಇನ್ನೂ ಅಪಾಯಕರ. ಅದರ ಅಂಚು ಜಾರುವುದರಿಂದ ಈಜು ಬಲ್ಲವರೂ ಹತ್ತಿ ಬರುವುದು ಕಷ್ಟ. ಈ ಮಾತನ್ನು ರಜೆಯ ಕೊನೆಯ ತರಗತಿಯಲ್ಲಿಯೂ ಪಾಲಕರ ಸಭೆಯಲ್ಲಿಯೂ ಹೇಳಲೇಬೇಕು.

ಎರಡನೆಯದು ಎಲ್ಲ ಮಕ್ಕಳಿಗೂ ರಜೆ ಒಂದೇ ಬಗೆಯದಲ್ಲ ಎಂಬ ಅರಿವು. ದೀಪಾವಳಿಯ ಹೊತ್ತಿಗೆ ಮರಾಠವಾಡದ ಅನೇಕ ಕುಟುಂಬಗಳು ಕಬ್ಬು ಕಡಿಯಲು ಸಕ್ಕರೆ ಕಾರ್ಖಾನೆಗಳ ಸೀಮೆಗೆ ಹೊರಡುತ್ತವೆ. ಕೆಲವು ಮಕ್ಕಳು ತಂದೆತಾಯಿಯ ಜೊತೆ ಹೋಗುತ್ತಾರೆ, ಕೆಲವರು ಅಜ್ಜಿಯ ಬಳಿ ಉಳಿಯುತ್ತಾರೆ. ಮನೆಯಲ್ಲಿ ಉಳಿದ ಹುಡುಗಿಗೆ ತಮ್ಮತಂಗಿಯರನ್ನು ಆಡಿಸುವ, ನೀರು ತರುವ ಕೆಲಸವಿರುತ್ತದೆ. ಆದ್ದರಿಂದ ಸೂಚಿಸುವ ಆಟಗಳಲ್ಲಿ ಕೂಸನ್ನು ಪಕ್ಕದಲ್ಲಿಟ್ಟುಕೊಂಡು ಆಡಬಹುದಾದವು, ದಾರಿಯಲ್ಲಿ ಆಡಬಹುದಾದವು, ಕಬ್ಬಿನ ಗದ್ದೆಯ ಬಳಿಯ ಕೊಪ್ಪೆಯಲ್ಲಿ ಆಡಬಹುದಾದವು ಇರಬೇಕು. ಒಡಪಿಗೆ ಯಾವ ಸಾಮಗ್ರಿಯೂ ಬೇಡ. ಆಟ ಮಗುವಿನ ಹಕ್ಕೆಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 31ನೆಯ ವಿಧಿಯಲ್ಲಿ ಹೇಳಿದೆ. ಆ ಹಕ್ಕು ಬಿಡುವಿರುವ ಮಕ್ಕಳಿಗೆ ಮಾತ್ರ ಸೇರಿದ್ದಲ್ಲ.

ಮೂರನೆಯದು ಮೊಬೈಲು. ಅದನ್ನು ನಿಷೇಧಿಸಿ ಪ್ರಯೋಜನವಿಲ್ಲ. ಅಜ್ಜಿಯ ಹಾಡನ್ನು ಅವಳ ಒಪ್ಪಿಗೆ ಪಡೆದು ಧ್ವನಿಮುದ್ರಿಸಲು ಅದು ಬಳಕೆಯಾಗಲಿ.

ಶಾಲೆ ಮರಳಿ ತೆರೆದಾಗ

ಜೂನ್‌ನ ಮೊದಲ ವಾರಕ್ಕೆ ಪರೀಕ್ಷೆ ಬೇಡ. ದಿನಕ್ಕೆ ಇಬ್ಬರು ಅಥವಾ ಮೂವರು ಮಕ್ಕಳು ತಾವು ಕಲಿತ ಆಟವನ್ನು ಉಳಿದವರಿಗೆ ಕಲಿಸಲಿ. ಮಗು ಹೇಳಿದಂತೆಯೇ ನಿಯಮಗಳನ್ನು ಶಿಕ್ಷಕರು ಫಲಕದ ಮೇಲೆ ಬರೆಯಲಿ: ಮೊದಲು ಏನು, ಆಮೇಲೆ ಏನು, ಸೋತವರು ಏನು ಮಾಡಬೇಕು. ಮಗುವಿನ ಬಾಯಿಂದ ‘ಹೋಗತೈತಿ’ ಎಂದು ಬಂದರೆ ಹಾಗೆಯೇ ಬರೆದು, ಅದರ ಪಕ್ಕದಲ್ಲಿ ‘ಹೋಗುತ್ತದೆ’ ಎಂದು ಬರೆಯಬಹುದು. ಒಂದು ತಪ್ಪು, ಇನ್ನೊಂದು ಸರಿ ಎನ್ನದೆ ಒಂದು ಮನೆಯದು, ಒಂದು ಪುಸ್ತಕದ್ದು ಎಂದು ಹೇಳಿದರೆ ಮಗು ಎರಡನ್ನೂ ಇಟ್ಟುಕೊಳ್ಳುತ್ತದೆ. ಫಲಕದ ಮೇಲಿನದನ್ನು ಮಕ್ಕಳೇ ಒಂದು ವಹಿಯಲ್ಲಿ ಬರೆದು ಚಿತ್ರ ತೆಗೆದರೆ ಅದು ಶಾಲೆಯ ಆಟದ ಪುಸ್ತಕವಾಗುತ್ತದೆ. ಮುಂದಿನ ವರ್ಷದ ಒಂದನೆಯ ಇಯತ್ತೆಯ ಮಕ್ಕಳಿಗೆ ಅದನ್ನು ಓದಿ ಹೇಳುವವರು ಅವರ ಅಕ್ಕ, ಅಣ್ಣಂದಿರೇ ಆಗಲಿ. ಕಬ್ಬಿನ ಹಂಗಾಮು ಮುಗಿಸಿ ತಡವಾಗಿ ಮರಳುವ ಮಕ್ಕಳಿಗಾಗಿ ಆ ವಹಿಯಲ್ಲಿ ಕೆಲವು ಪುಟಗಳನ್ನು ಖಾಲಿ ಬಿಟ್ಟಿರಬೇಕು. ಅವರು ತಂದ ಆಟಗಳೂ ಅಲ್ಲಿ ಸೇರಬೇಕು.